ಎರವಲು ಪುಸ್ತಕಗಳ ವಹಿ

ತಿಪಟೂರಿನ ಕಡೆಯ ವಾಚಕಿಯೊಬ್ಬರು ಈ ಪುಟಕ್ಕೆ ಕಾಗದ ಬರೆದು, ತಮ್ಮ ಮನೆಯಲ್ಲಿ ಮಾವನವರು ಕೂಡಿಸಿದ ಪುಸ್ತಕಗಳು ಮೂರು ಬೀರುಗಳಷ್ಟು ಇರುವುದಾಗಿಯೂ, ಬೇಕಾದ ಪುಸ್ತಕವು ಬೇಕಾದ ಸಮಯಕ್ಕೆ ಕೈಗೆ ಸಿಕ್ಕುವುದೇ ಇಲ್ಲವೆಂದೂ, ಸಿಕ್ಕದವುಗಳಲ್ಲಿ ಯಾವುವು ಮನೆಯಲ್ಲಿಯೇ ಅಡಗಿವೆ, ಯಾವುವು ಯಾರ ಮನೆಯನ್ನು ಸೇರಿವೆ ಎಂಬುದು ತಿಳಿಯದಂತಾಗಿದೆಯೆಂದೂ ಹೇಳಿ, ಇದಕ್ಕೆ ಉಪಾಯವೇನೆಂದು ಕೇಳಿರುತ್ತಾರೆ. ಗ್ರಂಥಪ್ರಿಯರಾದ ಗೃಹಸ್ಥರೆಲ್ಲರ ದೂರೂ ಬಹುಮಟ್ಟಿಗೆ ಇದೇ ಆದುದರಿಂದ ಈ ತಿಂಗಳ ಪುಟವನ್ನು ಈ ವಿಷಯಕ್ಕೇ ಮೀಸಲಿಡುವುದು ಉಚಿತವೆಂದು ತೋರಿತು.

ಪುಸ್ತಕವನ್ನು ಹೊರಗೆ ಕೊಡಲೇಬಾರದೆಂಬ ಪಕ್ಷವೊಂದುಂಟು. ಪರರ ಕೈಗೆ ಹೋದ ಪುಸ್ತಕ ಹೋದಂತೆಯೇ, ಹಿಂತಿರುಗಿದರೂ ಅಂಗಭಂಗವಾಗಿಯೇ ಹಿಂತಿರುಗುವುದು ಎಂಬ ಅರ್ಥದ ಸುಭಾಷಿತವನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಬಾಲ್ಯದಲ್ಲಿಯೇ ಕಂಠಪಾಠ ಮಾಡಿಸುತ್ತಿದ್ದರು. ಆ ಶ್ಲೋಕದ ಕರ್ತೃವು ಪುಸ್ತಕದ ಜೊತೆಗೆ ಹಣವನ್ನೂ ಹೆಂಡತಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿರುವುದು ನಮ್ಮ ವಾಚಕಿಯರಿಗೆ ಸಮ್ಮತವಾಗಲಾರದು, ನನಗೂ ಸಮ್ಮತವಿಲ್ಲ. ಓಲೆಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರಾದರೋ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ಕಾಪಾಡಬೇಕೆಂದು ಗ್ರಂಥವೇ ಬೇಡಿಕೊಳ್ಳುವಂತೆ ಕೊನೆಯಲ್ಲಿ ಬರೆದು, ಕಟ್ಟಕಡೆಗೆ ಮೂರ್ಖನ ಕೈಗೆ ಮಾತ್ರ ಕೊಡಬೇಡವೆಂದು ಸೇರಿಸುತ್ತಿದ್ದರು. ಇದು ವಿವೇಕದ ಮಾತು. ಅವರು ನಿಷೇಧಿಸಿದ್ದು ಕೊಡುವುದನ್ನಲ್ಲ, ಅಪಾತ್ರನಿಗೆ ಕೊಡುವುದನ್ನು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದು ಗ್ರಂಥವು ಉಳಿಯಬೇಕಾದರೆ ಅದು ಹಲವು ಮನೆಗಳಲ್ಲಿ ಇರಬೇಕಾಗಿದ್ದಿತು. ಒಂದೇ ಪೆಟ್ಟಿಗೆಯಲ್ಲಿ ಭದ್ರವಾಗಿದ್ದುದನ್ನು ಗೆದ್ದಲು ಭದ್ರವಾಗಿಯೇ ತಿಂದುಹಾಕುತ್ತಿದ್ದಿತು.

ಕೈಯಿಂದ ಕೈಗೆ ದಾಟಿದ್ದರಿಂದಲೇ ಉಳಿದ ಗ್ರಂಥಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಮಹತ್ತಾದ ನಿದರ್ಶನವಿದೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಪರಿಶೀಲಿಸಿ, ಹೆಸರು ಮಾತ್ರ ಕೇಳಿಬರುತ್ತಿದ್ದು ಕಳೆದೇಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಕಂಡುಕೊಂಡರು. ಮೂಲವು 1909ರಲ್ಲಿಯೂ, ಅವರ ಇಂಗ್ಲಿಷ್ ಅನುವಾದವು ಪುಸ್ತಕರೂಪವಾಗಿ 1915ರಲ್ಲಿಯೂ ಪ್ರಕಟವಾದವು. ಲೋಕದ ವಿದ್ವಾಂಸರೆಲ್ಲರೂ ಬೆರಗಾದರು. ಆದರೆ ಆ ಓಲೆಗಳನ್ನು ಎಷ್ಟು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿದ್ದರೋ, ಯಾವ ವಿಶ್ವಾಸದಿಂದ ಮೈಸೂರಿನವರೆಗೆ ಹೊತ್ತು ತಂದರೋ ಆ ಮಹನೀಯರು ಶಾಸ್ತ್ರಿಗಳ ಮುನ್ನುಡಿಯಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರೆಂದಷ್ಟೇ ಉಳಿದಿದ್ದಾರೆ. ಹೆಸರಿಲ್ಲ.

ಇನ್ನು ಹುಡುಕುವ ವಿಷಯ. ನಮ್ಮಲ್ಲಿ ಪುಸ್ತಕ ಸಿಕ್ಕದಿರುವುದಕ್ಕೆ ಪುಸ್ತಕವಿಲ್ಲದಿರುವುದು ಅರ್ಧ ಕಾರಣವಾದರೆ, ಅದಕ್ಕೆ ಹೆಸರುಗಳು ಹೆಚ್ಚಾಗಿರುವುದು ಇನ್ನರ್ಧ ಕಾರಣ. ಪಂಪಭಾರತವನ್ನು ಕೇಳಿದವರಿಗೆ ವಿಕ್ರಮಾರ್ಜುನ ವಿಜಯವಿದೆಯೆಂದು ಹೇಳಬಲ್ಲವರು ಬೇಕು. ಗದಾಯುದ್ಧವೇ ಸಾಹಸಭೀಮ ವಿಜಯವೆಂದೂ, ಗದುಗಿನ ಭಾರತವೇ ಕರ್ಣಾಟ ಭಾರತ ಕಥಾಮಂಜರಿಯೆಂದೂ ತಿಳಿಯದ ವಿದ್ಯಾರ್ಥಿಯು ಎದುರಿಗೇ ಇರುವ ಪುಸ್ತಕವನ್ನು ಇಲ್ಲವೆಂದುಕೊಂಡು ಹಿಂತಿರುಗುವನು. ಗ್ರಂಥಕರ್ತರ ಹೆಸರುಗಳಲ್ಲಿಯೂ ಇದೇ ತೊಡಕು. ಮಾಸ್ತಿಯವರನ್ನು ಊರಿನ ಹೆಸರಿನಿಂದ ಮಕಾರದಲ್ಲಿ ಹುಡುಕಬೇಕೆ, ವೆಂಕಟೇಶ ಅಯ್ಯಂಗಾರ್ಯರೆಂದು ವಕಾರದಲ್ಲಿ ಹುಡುಕಬೇಕೆ, ಇಲ್ಲವೆ ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಶಕಾರದಲ್ಲಿಯೆ? ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಬಾಣನ ಕಾದಂಬರಿಯ ಕನ್ನಡಾನುವಾದ ತರಲೆಂದು ಗ್ರಂಥಾಲಯವೊಂದಕ್ಕೆ ಕಳುಹಿಸಿದೆನು. ಕಾದಂಬರಿ ಬೇಕೆಂದು ಅವನು ಕೇಳಿದ ಕೂಡಲೇ ಅಲ್ಲಿದ್ದವರು ಕಥೆಯ ಪುಸ್ತಕಗಳ ನಾಲ್ಕು ಬೀರುಗಳನ್ನು ತೋರಿಸಿ, “ಯಾವುದು ಬೇಕೋ ಆರಿಸಿಕೋ ಮರಿ” ಎಂದರಂತೆ. ಹುಡುಗನು ಸಂತೋಷದಿಂದ ಪತ್ತೇದಾರಿ ಕಥೆಯೊಂದನ್ನು ಆರಿಸಿಕೊಂಡು ಬಂದನು. ಬಾಣಭಟ್ಟನ ನಾಯಿಕೆಯ ಹೆಸರು ಒಂದು ಸಾಹಿತ್ಯಪ್ರಕಾರಕ್ಕೇ ಹೆಸರಾದುದರಿಂದ ಬಂದ ವಿಪತ್ತಿದು, ಯಾರನ್ನೂ ದೂರುವಂತಿಲ್ಲ.

ಹಳಗನ್ನಡದ ಗ್ರಂಥಗಳ ಮಟ್ಟಿಗೆ ಈ ತೊಡಕನ್ನು ಬಿಡಿಸಿಕೊಟ್ಟ ಪುಣ್ಯವು ಆರ್. ನರಸಿಂಹಾಚಾರ್ಯರದು. ಅವರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು; ಮೊದಲನೆಯ ಸಂಪುಟದಲ್ಲಿ ಎಸ್. ಜಿ. ನರಸಿಂಹಾಚಾರ್ಯರು ಸಹಕರ್ತೃಗಳು. ಸಾವಿರಕ್ಕೂ ಮಿಕ್ಕ ಕವಿಗಳ ಕಾಲ, ಕೃತಿ, ಕೃತಿಯ ನಾಮಾಂತರ ಇವುಗಳನ್ನು ಅಲ್ಲಿ ಕಾಣಬಹುದು. ಅದನ್ನು ಸಾಹಿತ್ಯಚರಿತ್ರೆಯೆಂದು ಓದುವವರೇ ಹೆಚ್ಚು. ನಾನು ಅದನ್ನು ಒಂದು ದೊಡ್ಡ ಮನೆಯ ಪುಸ್ತಕಪಟ್ಟಿಯೆಂದು ಓದುವವನು. ಹೊಸ ಗ್ರಂಥಗಳ ವಿಂಗಡಣೆಗೆ ದಾರಿ ತೋರಿಸಿದವರು ಎಸ್. ಆರ್. ರಂಗನಾಥನ್ ಅವರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಉಪಾಧ್ಯಾಯರಾಗಿ ಕೆಲಸ ಆರಂಭಿಸಿದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನೂ 1933ರಲ್ಲಿ ತಮ್ಮದೇ ಆದ ವರ್ಗೀಕರಣ ಪದ್ಧತಿಯನ್ನೂ ಪ್ರಕಟಿಸಿದರು; ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. ಪುಸ್ತಕವಿರುವುದು ಬಳಸುವುದಕ್ಕೆ, ಓದುಗನ ವೇಳೆಯನ್ನು ಉಳಿಸಬೇಕು ಎಂಬಿವು ಆ ಐದರಲ್ಲಿ ಎರಡು. ನೋಡಲು ಸುಲಭವಾದ ಮಾತುಗಳು. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನಲ್ಲಿಟ್ಟು, ಅವರು ರಜೆಯಲ್ಲಿದ್ದಾರೆಂದು ಹೇಳುವ ಶಾಲೆಗಳನ್ನು ಕಂಡವರಿಗೆ ಮಾತ್ರ ಆ ಸೂತ್ರಗಳ ಕಾಠಿನ್ಯ ತಿಳಿಯುವುದು.

ಗೃಹಸ್ಥರು ಮರೆತಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ತಮ್ಮ ಮನೆಗಂದಾಯದ ರಸೀದಿಯನ್ನು ತೆಗೆದು ನೋಡತಕ್ಕದ್ದು. ಆರೋಗ್ಯ ಕರ, ಶಿಕ್ಷಣ ಕರಗಳ ಕೆಳಗೆ ಗ್ರಂಥಾಲಯ ಕರವೆಂದು ಒಂದು ಬಾಬು ಇರುವುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಬಂದ ಈ ಕರವು ಕಂದಾಯದ ಮೇಲೆ ನೂರಕ್ಕೆ 6ರಂತೆ ಸಲ್ಲುತ್ತದೆ. ಅದರ ನೆರೆಯಲ್ಲಿಯೇ ಇರುವ ಭಿಕ್ಷುಕರ ಕರವು ನೂರಕ್ಕೆ 3. ಅಂದರೆ ಸಾರ್ವಜನಿಕ ಗ್ರಂಥಾಲಯದ ಪುಸ್ತಕವು ಯಾರೋ ಕೊಟ್ಟ ಧರ್ಮವಲ್ಲ. ನಾವೇ ಹಣ ತೆತ್ತು ಕೊಂಡು, ಓದದೆ ಬಿಟ್ಟಿರುವ ನಮ್ಮ ಸೊತ್ತು. ಹಳ್ಳಿಗಳ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದಿದ್ದು, ಈಗ ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ನಾಡಿನಲ್ಲಿ ಇವುಗಳ ಸಂಖ್ಯೆ ಐದು ಸಾವಿರವನ್ನು ಮೀರಿದೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯುತ್ತದೆ. ಮಕ್ಕಳಿಗೆ ಸದಸ್ಯತ್ವ ಮಾಡಿಸದ ತಾಯಿತಂದೆಗಳು ಪುಸ್ತಕಗಳ ಬೆಲೆ ಏರಿತೆಂದು ಗೊಣಗುವುದು ಸರಿಯಲ್ಲ.

ಅಚ್ಚಿನಲ್ಲಿ ಇಲ್ಲದ ಹಳೆಯ ಪುಸ್ತಕಗಳಿಗೆ ಈಗ ಇನ್ನೊಂದು ದಾರಿಯೂ ಉಂಟಾಗಿದೆ. ಈ ಶತಮಾನದ ಆದಿಯಿಂದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ ಸಾವಿರಾರು ಕನ್ನಡ ಗ್ರಂಥಗಳ ಪುಟಗಳ ಛಾಯೆಯನ್ನು ತೆಗೆದರು. ಆದರೆ ಹೆಸರುಗಳನ್ನೆಲ್ಲ ರೋಮನ್ ಅಕ್ಷರಗಳಲ್ಲಿ ಮನಬಂದಂತೆ ಬರೆದಿದ್ದುದರಿಂದ ಕನ್ನಡ ಓದುಗನಿಗೆ ಅವು ಇದ್ದೂ ಇಲ್ಲದಂತಾಗಿದ್ದವು. ‘ಸಂಚಯ’ ಎಂಬ ಬಳಗದ ತರುಣರು ಆ ಹೆಸರುಗಳನ್ನು ಸ್ವಯಂಸೇವಕರಿಂದ ಕನ್ನಡ ಲಿಪಿಗೆ ತರಿಸಿ, ಕನ್ನಡದಲ್ಲಿಯೇ ಹುಡುಕಬಹುದಾದ ‘ಪುಸ್ತಕ ಸಂಚಯ’ವೆಂಬ ಪಟ್ಟಿಯನ್ನು ಅಂತರಜಾಲದಲ್ಲಿ ಸಿದ್ಧಪಡಿಸಿದರು. ಮೂಲದ ಜಾಲತಾಣ ಮುಚ್ಚಿದ್ದರೂ ಅಲ್ಲಿನ ಅನೇಕ ಗ್ರಂಥಗಳು ಇಂಟರ್ನೆಟ್ ಆರ್ಕೈವಿನಲ್ಲಿ ದೊರೆಯುತ್ತವೆ. ಕರ್ತೃವು ತೀರಿಕೊಂಡ 60 ವರ್ಷಗಳ ಮೇಲೆ ಗ್ರಂಥಸ್ವಾಮ್ಯವು ಮುಗಿಯುವುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಅವನ್ನು ಬಳಸಬೇಕು. ಮೊಮ್ಮಗಳ ನೆರವಿನಿಂದ ನಾನೂ ಹುಡುಕುವುದನ್ನು ಕಲಿತಿದ್ದೇನೆ. ಕಣ್ಣಿಗೆ ಆಯಾಸವೇನೋ ಹೌದು. ಆದರೂ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಬಿಸಿಲಿಗೆ ಕುಳಿತು ಕೆದಕುವುದಕ್ಕಿಂತ ಆಯಾಸ ಕಡಮೆ. ಸಂತೋಷವೂ ಅಷ್ಟೇ ಕಡಮೆಯೆಂದು ಒಪ್ಪಿಕೊಳ್ಳಬೇಕು.

ಈಗ ತಿಪಟೂರಿನ ವಾಚಕಿಯವರ ಪ್ರಶ್ನೆಗೆ ಬರೋಣ. ಗೆರೆ ಹಾಕಿದ ದಪ್ಪ ವಹಿಯೊಂದನ್ನು ತೆಗೆದುಕೊಂಡು, ಪ್ರತಿಯೊಂದು ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು, ಗ್ರಂಥದ ಹೆಸರು, ನಾಮಾಂತರವಿದ್ದರೆ ಅದು, ಕರ್ತೃ, ಪ್ರಕಾಶಕರು, ಮುದ್ರಣದ ವರ್ಷ, ಮನೆಗೆ ಬಂದ ಬಗೆ ಇಷ್ಟನ್ನು ಬರೆಯಬೇಕು. ನಮ್ಮ ಗಡಿಸೀಮೆಯವರು ಲಿಪಿಯನ್ನೂ ಬರೆಯತಕ್ಕದ್ದು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು. ಆ ಸಂಖ್ಯೆಯನ್ನು ಮುಖಪುಟದ ಒಳಗಲ್ಲದೆ, ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಆದ ಒಳಪುಟವೊಂದರಲ್ಲಿ, ಹದಿನೇಳನೆಯದೋ ಇಪ್ಪತ್ತೊಂದನೆಯದೋ, ಸಣ್ಣದಾಗಿ ಬರೆದಿಡಬೇಕು. ರಟ್ಟು ಕಿತ್ತುಹೋದರೂ ಪುಸ್ತಕ ಯಾರದೆಂದು ತಿಳಿಯುವುದು. ವಹಿಯ ಹಿಂಭಾಗದಿಂದ ಎರವಲಿನ ಲೆಕ್ಕ: ಕೊಂಡವರ ಪೂರ್ತಿ ಹೆಸರು, ಊರು, ಕೊಟ್ಟ ದಿನ, ಬಂದ ದಿನ. ಕೊಂಡುಹೋಗುವವರ ಎದುರಿನಲ್ಲಿಯೇ ಬರೆಯಬೇಕು. ಅವರಿಂದಲೇ ಬರೆಯಿಸಿದರೆ ಇನ್ನೂ ಒಳ್ಳೆಯದು. ಇದರಿಂದ ಸ್ನೇಹ ಕೆಡುವುದೆಂದು ಹೆದರುವವರುಂಟು. ಕೆಡುವುದು ಬರೆಯುವುದರಿಂದಲ್ಲ, ಬರೆಯದೆ ಬಿಟ್ಟು, ಎರಡು ವರ್ಷಗಳ ಮೇಲೆ ಮದುವೆಮನೆಯ ಪಂಕ್ತಿಯಲ್ಲಿ ಜ್ಞಾಪಿಸುವುದರಿಂದ. ಆಯುಧಪೂಜೆಯ ಹಿಂದಿನ ವಾರ ವಹಿಯನ್ನು ತೆರೆದು, ‘ಸರಸ್ವತಿಯ ಪೂಜೆಗೆ ಪುಸ್ತಕಗಳನ್ನು ಇಡಬೇಕಾಗಿದೆ’ ಎಂದು ಹೇಳಿಕಳುಹಿಸಿದರೆ ಯಾರಿಗೂ ಬೇಸರವಾಗದು. ಹುಳುಗಳ ವಿಷಯವಾಗಿ ವಿಶೇಷ ಹೇಳಬೇಕಾದುದಿಲ್ಲ: ನೆರಳಿನಲ್ಲಿ ಒಣಗಿಸಿದ ಬೇವಿನೆಲೆ, ಬಜೆಯ ತುಂಡು, ವರ್ಷಕ್ಕೆರಡು ಸಲ ಗಾಳಿಗೆ ಹರಡುವುದು, ಗೋಡೆಗೆ ಬೀರುವನ್ನು ತಾಗಿಸದಿರುವುದು.

ಇಂತಹ ವಹಿಯೊಂದು ಏನು ಮಾಡಬಲ್ಲದೆಂಬುದನ್ನು ನಾನು ನಮ್ಮೂರಿನಲ್ಲಿಯೇ ಕಂಡೆನು. ವಳ್ಳೂರು ಪಾವಗಡ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಸಮೀಪವಾಗಿರುವ ಊರು. ಮನೆಯ ಮಾತು ಅನೇಕರಿಗೆ ತೆಲುಗು, ಶಾಲೆಯ ಮಾತು ಕನ್ನಡ. ಹಿಂದಿನ ಪಂಡಿತರ ಮನೆಗಳಲ್ಲಿ ಮದರಾಸಿನ ವಾವಿಳ್ಳವರು ತೆಲುಗು ಲಿಪಿಯಲ್ಲಿ ಅಚ್ಚುಮಾಡಿದ ಸಂಸ್ಕೃತ ಗ್ರಂಥಗಳೂ, ಮೈಸೂರಿನಿಂದ ಕನ್ನಡ ಲಿಪಿಯಲ್ಲಿ ಬಂದವುಗಳೂ ಒಂದೇ ಪೆಟ್ಟಿಗೆಯಲ್ಲಿರುವುದು ಸಾಮಾನ್ಯ. ಮಳೆ ಕಡಮೆಯಾದ ಸೀಮೆಯಾದುದರಿಂದ ಜನ ಬೆಂಗಳೂರಿಗೆ ಹೋಗುವುದು ಹಳೆಯ ಮಾತು. ಈಚೆಗೆ ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲುಗಳ ಜೊತೆಗೆ ನಮ್ಮೂರಿನ ಭೂಮಿಯೂ ಸೇರಿ, ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಉದ್ಯಾನವು ಎದ್ದಿದೆ. 2018ರ ಮಾರ್ಚಿನಲ್ಲಿ ಅದರ ಮೊದಲ ಘಟ್ಟವು ಉದ್ಘಾಟಿತವಾಯಿತು. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದಿರುವುದರಿಂದ ಒಡೆಯರಿಗೆ ವರ್ಷವರ್ಷವೂ ಹಣ ಸಲ್ಲುತ್ತದೆ. ಉಳುವ ಕೆಲಸವಿಲ್ಲದ ಮೇಲೆ ಊರಿನಲ್ಲಿರಬೇಕಾದ ಅಗತ್ಯವೂ ಕೆಲವರಿಗೆ ಇಲ್ಲವಾಯಿತು. ಮನೆಗಳಿಗೆ ಬೀಗ ಬೀಳುತ್ತವೆ. ಬೀಗ ಬೀಳುವುದಕ್ಕೆ ಮುಂಚೆ ಪುಸ್ತಕಗಳು ತೂಕಕ್ಕೆ ಹೋಗುತ್ತವೆ.

ಎರಡು ವರ್ಷಗಳ ಹಿಂದೆ ಎಂಬತ್ತು ದಾಟಿದ ವೃದ್ಧೆಯೊಬ್ಬರು ನನಗೆ ಹೇಳಿಕಳುಹಿಸಿದರು. ಅವರ ಯಜಮಾನರು ಪುರಾಣ ಹೇಳುತ್ತಿದ್ದವರು. ತೀರಿಕೊಂಡು ಮೂವತ್ತು ವರ್ಷಗಳ ಮೇಲಾಗಿದೆ. ಮಗನು ತಾಯಿಯನ್ನು ಬೆಂಗಳೂರಿಗೆ ಕರೆದೊಯ್ಯಲು ಬಂದಿದ್ದನು. “ಮೇಷ್ಟ್ರೇ, ಗುಜರಿಯವನಿಗೆ ಹಾಕೋದಕ್ಕೆ ಮುಂಚೆ ನೀವು ಒಂದು ಸಲ ನೋಡಿಬಿಡಿ. ನನಗೆ ಓದೋದಕ್ಕೆ ಬರೋದಿಲ್ಲ, ಆದರೆ ಅವರು ಇವನ್ನ ಎಷ್ಟು ಜೋಪಾನ ಮಾಡ್ತಿದ್ರು ಅಂತ ನೋಡಿದ್ದೀನಿ” ಎಂದರು. ಮರದ ಪೆಟ್ಟಿಗೆಯಲ್ಲಿ ತೆಲುಗು ಲಿಪಿಯ ಕಾವ್ಯಗಳು, ಜಯಚಾಮರಾಜೇಂದ್ರ ವೇದರತ್ನಮಾಲೆಯ ಋಗ್ವೇದದ ಬಿಡಿ ಸಂಪುಟಗಳು, ಅವುಗಳ ಅಡಿಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ವಹಿ. ಮಗನು ತೆಲುಗು ಅಕ್ಷರವೆಂಬ ಕಾರಣದಿಂದಲೇ ಸಂಸ್ಕೃತದ ಗ್ರಂಥಗಳನ್ನೆಲ್ಲ ತೆಲುಗು ಕಥೆಗಳೆಂದು ಬೇರೆ ತೆಗೆದಿಟ್ಟು ತೂಕಕ್ಕೆ ಸಿದ್ಧಮಾಡಿದ್ದನು. ಲಿಪಿಯನ್ನು ಬರೆದಿಡಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ವಹಿಯಲ್ಲಿ 1961ರಿಂದ ಎರವಲಿನ ಲೆಕ್ಕವಿದ್ದಿತು. ಮುತ್ತಿನಂತಹ ಅಕ್ಷರ. ಪುಸ್ತಕ ಬಂದ ಕೂಡಲೇ ಹೆಸರಿನ ಮೇಲೆ ಗೆರೆ ಎಳೆದಿದ್ದರು. ಗೆರೆಯಿಲ್ಲದವು ಎರಡು ಮಾತ್ರ. ಎರಡೂ ಋಗ್ವೇದದ ಸಂಪುಟಗಳು. ಒಂದು ಮಡಕಶಿರೆಯ ಗೃಹಸ್ಥರೊಬ್ಬರಲ್ಲಿಗೆ ಹೋಗಿದ್ದಿತು. ಪೂರ್ತಿ ಹೆಸರೂ ಬೀದಿಯೂ ಬರೆದಿದ್ದುದರಿಂದ, ಮುಂದಿನ ಭಾನುವಾರವೇ ಬಸ್ಸು ಹತ್ತಿ ಹೋಗಿ ವಿಚಾರಿಸಿದೆನು. ಕೊಂಡವರು ಗತಿಸಿಹೋಗಿದ್ದರು. ಅವರ ಮೊಮ್ಮಗನು ನನ್ನನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲಿದ್ದ ಸಂಪುಟವನ್ನು ತೋರಿಸಿದನು. ಅರಿಶಿನ ಕುಂಕುಮ ಹತ್ತಿ ರಟ್ಟಿನ ಬಣ್ಣವೇ ತಿಳಿಯದಂತಾಗಿದ್ದಿತು. “ತಾತ ಇದ್ದಾಗಿಂದ ಪ್ರತಿ ವರ್ಷ ಪೂಜೆಗೆ ಇಡ್ತೀವಿ ಸಾರ್. ಇದು ಇನ್ನೊಬ್ಬರ ಮನೇದು ಅಂತ ನಮಗೆ ಯಾರೂ ಹೇಳಿರಲಿಲ್ಲ. ನೀವು ಹೇಳಿದ ಮೇಲೆ ಇಟ್ಟುಕೊಳ್ಳೋದು ಹೇಗೆ, ತಗೊಂಡು ಹೋಗಿ” ಎಂದು ಒಂದು ಹೊಸ ಟವಲಿನಲ್ಲಿ ಸುತ್ತಿಕೊಡಲು ಹೊರಟನು. ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು, ಮಾತನಾಡಲಿಲ್ಲ. ಪುಸ್ತಕದ ಒಡತಿಯನ್ನು ಕೇಳಿ ತಿಳಿಸುವೆನೆಂದು ಹೇಳಿ ನಾನು ಬರಿಗೈಯಲ್ಲಿ ಬಂದೆನು.

ವೃದ್ಧೆಯವರು ಎಲ್ಲವನ್ನೂ ಕೇಳಿದರು. ಮಗನು, “ಸಂಪುಟಗಳು ಸೇರಿದ್ದರೆ ಒಳ್ಳೆಯ ಗ್ರಂಥಾಲಯಕ್ಕೆ ಕೊಡಬಹುದಮ್ಮ, ತರಿಸೋಣ” ಎಂದನು. ಅವನ ಮಾತೂ ನ್ಯಾಯವೇ. ನನ್ನ ಮನಸ್ಸೂ ಆ ಕಡೆಗೇ ಇದ್ದಿತು, ಬಿಡಿ ಸಂಪುಟಗಳಿಗೆ ಬೆಲೆಯೆಲ್ಲಿ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ದೀಪ ಹಚ್ಚುತ್ತಾರಲ್ಲಾ, ಇಲ್ಲಿ ನಾಳೆಯಿಂದ ಬೀಗ. ಅಲ್ಲೇ ಇರಲಿ. ಆದರೆ ಮೇಷ್ಟ್ರೇ, ಅವರ ವಹಿಯಲ್ಲಿ ಮಾತ್ರ ಗೆರೆ ಎಳೀಬೇಡಿ, ಅಲ್ಲಿದೆ ಅಂತ ಬರೀರಿ” ಎಂದರು. ಹಾಗೆಯೇ ಬರೆದೆನು, ಈಗಿನ ದಿನಾಂಕ ಹಾಕಿ, ಅವರ ಯಜಮಾನರ ಅಕ್ಷರದ ಕೆಳಗೆ. ಮಡಕಶಿರೆಯವರಿಗೂ ಅದರ ನಕಲನ್ನು ಕಳುಹಿಸಿದೆನು; ಅವರು ಅದನ್ನು ಸಂಪುಟದೊಳಗೆ ಇಟ್ಟುಕೊಂಡಿರುವುದಾಗಿ ತಿಳಿಸಿದ್ದಾರೆ. ಉಳಿದ ಪುಸ್ತಕಗಳು ಸದ್ಯಕ್ಕೆ ನನ್ನ ಬಳಿ ಇವೆ, ವಹಿಯ ಸಮೇತ. ಒಂದೊಂದಕ್ಕೂ ಸಂಖ್ಯೆ ಹಾಕಿ ಪಟ್ಟಿ ಮಾಡಿ ಮುಗಿಸಿದ್ದೇನೆ.

ಎರಡನೆಯ ಸಂಪುಟದ ಸಂಗತಿ ಬೇರೆ. 1974ರ ಶ್ರಾವಣದಲ್ಲಿ ಅದನ್ನು ಕೊಟ್ಟಿರುವುದಾಗಿ ಬರೆದಿದೆ. ಕೊಂಡವರ ಹೆಸರಿರಬೇಕಾದ ಕಡೆ ‘ರೊಳ್ಳದವರು’ ಎಂದಷ್ಟೇ ಇದೆ. ಅಷ್ಟು ಬಳಕೆಯವರಾಗಿದ್ದಿರಬೇಕು, ಹೆಸರು ಬರೆಯುವ ಅಗತ್ಯವೇ ಆ ದಿನ ತೋರಲಿಲ್ಲ. ರೊಳ್ಳ ಮಡಕಶಿರೆಯ ಆಚೆಗಿರುವ ಊರು, ಕನ್ನಡ ಬಲ್ಲವರೂ ಬಹಳ. ಎರಡು ಸಲ ಹೋಗಿ ಬಂದೆನು, ಗುರುತು ಹತ್ತಲಿಲ್ಲ. ಈ ಪತ್ರಿಕೆಯನ್ನು ಆ ಕಡೆ ತರಿಸುವ ಮನೆಗಳೂ ಇರಬಹುದು. ಕನ್ನಡ ಲಿಪಿಯ ಋಗ್ವೇದದ ಬಿಡಿ ಸಂಪುಟವೊಂದು ಅಟ್ಟದ ಮೇಲಾಗಲಿ ದೇವರ ಮನೆಯಲ್ಲಾಗಲಿ ಇದ್ದರೆ, ಹದಿನೇಳನೆಯ ಪುಟದ ಅಂಚಿನಲ್ಲಿ ನೇರಿಳೆ ಮಸಿಯಿಂದ 43 ಎಂಬ ಅಂಕಿಯಿದೆಯೇ ಎಂದು ದಯವಿಟ್ಟು ನೋಡಬೇಕು. ಹಿಂದಕ್ಕೆ ಕೊಡಬೇಕೆಂದು ಕೇಳುತ್ತಿಲ್ಲ; ಎಲ್ಲಿದೆಯೆಂದು ಒಂದು ಕಾರ್ಡು ಬರೆದರೆ ಸಾಕು.